ಪಂಪಿನ ಹೊಟ್ಟೆಯ ಕೆಳಗಿನ ತೂತು

ನಿವೃತ್ತನಾದ ಮೇಲೆ ಮನುಷ್ಯನ ಸಿಟ್ಟು ಇಳಿಯುತ್ತದೆ ಎಂದು ಯಾರು ಹೇಳಿದರೋ, ಅವರು ಯಾವತ್ತೂ ಗ್ಯಾರೇಜಿನಲ್ಲಿ ಕೆಲಸ ಮಾಡಿರಲಿಕ್ಕಿಲ್ಲ. ನನ್ನದಂತೂ ಇಳಿದಿಲ್ಲ. ಶಿವಮೊಗ್ಗದ ಒಂದು ಕಾರು ವರ್ಕ್‌ಶಾಪಿನಲ್ಲಿ ನನ್ನ ಪ್ರಾಯವೆಲ್ಲ ಕಳೆಯಿತು. ಅಲ್ಲಿ ನನ್ನ ಪಾಲಿಗೆ ಬಂದ ಕೆಲಸ ಇಂಜಿನ್ನಿನ ವಾಟರ್ ಪಂಪುಗಳನ್ನು ಆರಿಸುವುದು, ಪರೀಕ್ಷೆ ಮಾಡುವುದು, ಒಳ್ಳೆಯದನ್ನು ಗಾಡಿಗೆ ಕೊಡುವುದು, ಕೆಟ್ಟದ್ದನ್ನು ಬದಿಗೆಸೆಯುವುದು. ಈಗ ಗ್ಯಾರೇಜುಗಳಿಗೆ ಹೊಸದಾಗಿ ಸೇರುವವರು ಆಗಾಗ ಮನೆಗೆ ಬಂದು "ಸಾರ್, ನಿಮ್ಮ ಅನುಭವ ಹೇಳಿ" ಅನ್ನುತ್ತಾರೆ. ಹೇಳುತ್ತೇನೆ. ಆದರೆ ಸನ್ಮಾನ ಸಭೆಯ ಸಿಹಿ ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ಮೊದಲೇ ತಿಳಿಸಿಬಿಟ್ಟಿದ್ದೇನೆ.

ನಮ್ಮ ಜನಕ್ಕೆ ವಾಟರ್ ಪಂಪ್ ಎಂದರೆ ಬೋರ್‌ವೆಲ್ಲಿನ ಮೋಟರು, ಅಷ್ಟೇ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ನನ್ನನ್ನು "ಇವ್ರು ವಾಟರ್ ಪಂಪ್ ಎಕ್ಸ್‌ಪರ್ಟು" ಎಂದು ಪರಿಚಯ ಮಾಡಿಸಿದರು. ಪಕ್ಕದಲ್ಲಿದ್ದ ಆಯನೂರಿನ ಹಿರಿಯರೊಬ್ಬರು ಹೋಳಿಗೆ ಮುರಿಯುವುದನ್ನೇ ಬಿಟ್ಟು ನನ್ನ ಕಡೆ ತಿರುಗಿದರು.

"ಬನ್ನಿ ಮಾರಾಯ್ರೆ, ನಮ್ ಹೊಲದ ಮೋಟ್ರು ನೀರೇ ಎತ್ತಲ್ಲ. ಒಂದ್ಸಲ ನೋಡಿ ಹೋಗಿ."

"ನಂದು ಕಾರಿನ ಪಂಪು ಯಜಮಾನ್ರೆ."

"ಕಾರಿಗೆ ನೀರ್ಯಾಕ್ರೀ? ಅದಕ್ಕೆ ಪೆಟ್ರೋಲ್ ಹಾಕೋದಲ್ವಾ?" ಎಂದು ಗಹಗಹಿಸಿ ನಕ್ಕರು. ಇಡೀ ಪಂಕ್ತಿ ನಕ್ಕಿತು. ಮೈ ಉರಿದುಹೋಯಿತು. ಮದುವೆ ಮನೆ ಎಂದು ಸುಮ್ಮನೆ ಉಂಡು ಎದ್ದೆ.

ಅವರಿಗೆ ಅವತ್ತು ಹೇಳದೇ ಬಿಟ್ಟದ್ದನ್ನು ನಿಮಗೆ ಹೇಳುತ್ತೇನೆ. ಇಂಜಿನ್ನಿನೊಳಗೆ ಬೆಂಕಿ ಇದೆ. ಆ ಶಾಖವನ್ನು ನೀರು ಹೊತ್ತುಕೊಂಡು ರೇಡಿಯೇಟರಿಗೆ ಬರಬೇಕು, ಅಲ್ಲಿ ತಣ್ಣಗಾಗಿ ಮತ್ತೆ ಒಳಗೆ ಹೋಗಬೇಕು. ಹಾಗೆ ನೀರನ್ನು ಸುತ್ತಿಸುವುದು ಪಂಪು. ನೋಡಲು ಸುಲಿದ ತೆಂಗಿನಕಾಯಿ ಗಾತ್ರದ ಎರಕದ ಡಬ್ಬ. ಹಿಂಬದಿಯಲ್ಲಿ ನೀರನ್ನು ತಳ್ಳುವ ರೆಕ್ಕೆಯ ಚಕ್ರ, ಮುಂಬದಿಯಲ್ಲಿ ಬೇರಿಂಗು, ಎರಡನ್ನೂ ಸೇರಿಸುವ ಒಂದು ಶಾಫ್ಟು. ನಮ್ಮ ಕಾಲದ ಗಾಡಿಗಳಲ್ಲಿ ಅದೇ ಶಾಫ್ಟಿನ ತುದಿಗೆ ಫ್ಯಾನನ್ನೂ ಕಟ್ಟಿರುತ್ತಿದ್ದರು. ನೀರು ಬೇರಿಂಗಿನ ಕಡೆ ಬರದಂತೆ ನಡುವೆ ಒಂದು ಸೀಲು ತಡೆದು ನಿಂತಿರುತ್ತದೆ. ಸೀಲು ಎಂದಾದರೂ ಸವೆದೇ ಸವೆಯುತ್ತದೆ. ಅದಕ್ಕೇ ಪಂಪು ಮಾಡಿದ ಪುಣ್ಯಾತ್ಮರು ಸೀಲಿಗೂ ಬೇರಿಂಗಿಗೂ ಮಧ್ಯೆ, ಪಂಪಿನ ಹೊಟ್ಟೆಯ ಕೆಳಗೆ, ಕಡಲೆಕಾಳು ಹಿಡಿಸುವಷ್ಟು ಒಂದು ತೂತು ಇಟ್ಟಿರುತ್ತಾರೆ. ಸೀಲು ಸೋತರೆ ನೀರು ಆ ತೂತಿನಿಂದ ತೊಟ್ಟಿಕ್ಕುತ್ತದೆ, ಬೇರಿಂಗಿಗೆ ನುಗ್ಗುವುದಿಲ್ಲ. ಗಾಡಿಯ ಕೆಳಗೆ ಒದ್ದೆ ಕಂಡ ಡ್ರೈವರು ಗ್ಯಾರೇಜಿಗೆ ಬರುತ್ತಾನೆ. ಈ ತೂತನ್ನು ನೆನಪಿಟ್ಟುಕೊಳ್ಳಿ, ನನ್ನ ಸಿಟ್ಟೆಲ್ಲ ಇರುವುದು ಇದರ ವಿಷಯಕ್ಕೇ.

ತೊಂಬತ್ತರ ದಶಕದಲ್ಲಿ ಹೊಸ ಪಂಪು ಹಾಕಿಸುವವರು ಕಡಿಮೆ. ಹಳೆಯ ಪಂಪಿಗೇ ಹೊಸ ಸೀಲು, ಹೊಸ ಬೇರಿಂಗು ಕೂರಿಸಿ ಮತ್ತೆ ಹಾಕುತ್ತಿದ್ದೆವು. ಆ ಕೆಲಸ ನಮಗೆ ಮಾಡಿಕೊಡುತ್ತಿದ್ದವನು ಭದ್ರಾವತಿಯ ಸೆಲ್ವರಾಜ್. ಅವನದೊಂದು ಸಣ್ಣ ಶೆಡ್ಡು. ಒಂದು ಕಡೆ ಲೇತು, ಇನ್ನೊಂದು ಕಡೆ ಎರಕದ ಕುಲುಮೆ. ವಾರಕ್ಕೊಮ್ಮೆ ನಾನು ಖಾಸಗಿ ಬಸ್ಸು ಹತ್ತಿ ಹೋಗಿ ಅವನು ಸಿದ್ಧಮಾಡಿಟ್ಟ ಪಂಪುಗಳಲ್ಲಿ ಬೇಕಾದ್ದನ್ನು ಆರಿಸಿ ತರುತ್ತಿದ್ದೆ. ಶಾಫ್ಟು ಹಿಡಿದು ಅಲ್ಲಾಡಿಸಿ ನೋಡುವುದು. ಅಂಗೈಯಲ್ಲಿ ತಿರುಗಿಸಿ ಕಿವಿಗಿಡುವುದು. ಎಲ್ಲೋ ಒಂದು ಕಡೆ ಗರ್ ಅಂದರೂ ಕೆಳಗಿಡುವುದು.

ಆಮೇಲೆ ತೊಟ್ಟಿ ಪರೀಕ್ಷೆ. ಪಂಪಿನ ಬಾಯಿಗಳನ್ನೆಲ್ಲ ರಬ್ಬರು ಮತ್ತು ತಗಡು ಹಾಕಿ ಬಿಗಿದು, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದೆವು. ಸೈಕಲ್ ಅಂಗಡಿಯವನು ಟ್ಯೂಬನ್ನು ಬೋಗುಣಿಯಲ್ಲಿ ಅದ್ದಿ ನೋಡುತ್ತಾನಲ್ಲ, ಹಾಗೆಯೇ. ಕೆಳಗಿನ ತೂತಿನಿಂದ ಗುಳ್ಳೆ ಎದ್ದರೆ ಸೀಲು ಸರಿಯಿಲ್ಲ ಎಂದರ್ಥ. ಸೆಲ್ವರಾಜ್‌ಗೆ ಒಂದು ಅವಸರ. ಮುಳುಗಿಸಿ ಎತ್ತಿಬಿಡುತ್ತಿದ್ದ.

"ಇರಲಿ ಬಿಡೋ, ಇನ್ನೂ ಸ್ವಲ್ಪ ಹೊತ್ತು ನೀರಲ್ಲಿರಲಿ" ಎನ್ನುತ್ತಿದ್ದೆ.

"ಏನ್ ಮೂರ್ತಿ ಸಾರ್, ಪಂಪ್‌ಗೆ ಎಣ್ಣೆ ಸ್ನಾನ ಮಾಡಿಸ್ತೀರಾ? ನಮ್ ಮೇಲೆ ಡೌಟಾ ನಿಮ್ಗೆ?"

"ನಿನ್ ಮೇಲಲ್ಲ ಕಣೋ, ಸೀಲ್ ಮೇಲೆ."

"ಸೀಲ್ ಹಾಕಿದ್ ಯಾರು? ನಾನ್ ತಾನೆ? ಅಯ್ಯೋ ಮುರುಗಾ!" ಎಂದು ತಲೆ ಚಚ್ಚಿಕೊಂಡು ಮತ್ತೆ ಮುಳುಗಿಸುತ್ತಿದ್ದ. ಬಾಯಿ ಜೋರು, ಆದರೆ ಗುಳ್ಳೆ ಕಂಡರೆ ತಾನಾಗಿಯೇ ಬಿಚ್ಚಿ ಬೇರೆ ಸೀಲು ಹಾಕುತ್ತಿದ್ದ. ಅಂಥವನ ಜೊತೆ ಜಗಳವಾಡುವುದೇ ಒಂದು ಸುಖ.

ಸುಖ ಕೊಡದಿದ್ದವನು ನಮ್ಮ ಮ್ಯಾನೇಜರ್ ಸುಧೀಂದ್ರ. ಮಾಲೀಕರ ಬಾಮೈದ. ಅದೇ ಅವನ ಅರ್ಹತೆ. ಇಸ್ತ್ರಿ ಅಂಗಿಗೆ ಗ್ರೀಸ್ ತಾಗೀತೆಂದು ಗಾಡಿಯಿಂದ ಮಾರು ದೂರ ನಿಂತು ಆರ್ಡರ್ ಮಾಡುತ್ತಿದ್ದ. ಒಮ್ಮೆ ನನ್ನನ್ನು ಕೇಳದೆ ಎಲ್ಲಿಂದಲೋ ಅಗ್ಗದ ಹೊಸ ಪಂಪುಗಳ ಒಂದು ಪೆಟ್ಟಿಗೆ ತರಿಸಿದ. ಹೊರಗಿನಿಂದ ಥೇಟ್ ನಮಗೆ ಬೇಕಾದ ಪಂಪೇ. ಬೋಲ್ಟಿನ ತೂತುಗಳು ಸರಿಯಾಗಿ ಕೂರುತ್ತಿದ್ದವು. ಹಿಂದೆ ತಿರುಗಿಸಿ ನೋಡಿದರೆ ರೆಕ್ಕೆಗಳು ಉಲ್ಟಾ ಬಾಗಿವೆ! ಬೆಲ್ಟು ಇನ್ನೊಂದು ದಿಕ್ಕಿಗೆ ತಿರುಗುವ ಯಾವುದೋ ಇಂಜಿನ್ನಿನ ಪಂಪು ಅದು. ನಮ್ಮ ಗಾಡಿಗೆ ಹಾಕಿದರೆ ನೀರು ಸುತ್ತುತ್ತದೆ, ಆದರೆ ಸಾಕಾಗುವಷ್ಟು ಸುತ್ತುವುದಿಲ್ಲ.

"ಸಾರ್, ಇದು ನಮ್ಮದಲ್ಲ, ವಾಪಸ್ ಕಳ್ಸಿ" ಅಂದೆ.

"ಬೋಲ್ಟ್ ಕೂರುತ್ತಲ್ರೀ ಮೂರ್ತಿ? ಮತ್ತೇನು ಜಾತಕ ನೋಡ್ಬೇಕಾ?"

ಊರಿನ ಒಬ್ಬ ಡಾಕ್ಟರ ಕಾರಿಗೆ ಅದನ್ನೇ ಹಾಕಿಸಿದ. ಪೇಟೆಯಲ್ಲಿ ಓಡಾಡುವಾಗ ಏನೂ ಆಗಲಿಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು ಸಾಗರದ ಕಡೆ ಹೊರಟಾಗ ಆಯನೂರು ದಾಟುವುದರೊಳಗೆ ಇಂಜಿನ್ ಕುದಿಯಿತು. ಡಾಕ್ಟರು ಲಾರಿ ಹಿಡಿದು ವಾಪಸ್ ಬಂದು ಬೈದದ್ದು ಯಾರನ್ನು? ನನ್ನನ್ನು. ಸುಧೀಂದ್ರ ಪಕ್ಕದಲ್ಲೇ ನಿಂತು "ನಮ್ಮ ಮೂರ್ತಿಯವ್ರು ಸ್ವಲ್ಪ ನೋಡ್ಬೇಕಿತ್ತು ಡಾಕ್ಟ್ರೇ" ಎಂದು ಹಲ್ಲು ಕಿರಿದ. ಥೂ! ಇವತ್ತಿಗೂ ಆ ಹಲ್ಲು ನನ್ನ ಕಣ್ಣ ಮುಂದಿದೆ.

ಮ್ಯಾನೇಜರನ್ನು ಮಾತ್ರ ಬೈದರೆ ಅನ್ಯಾಯವಾದೀತು. ನಮ್ಮ ಮೆಕ್ಯಾನಿಕ್ಕರೇನು ಸಾಚಾಗಳೇ? ಇಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆದು, ಬಿಸಿಯಾದ ಮೇಲೆ ಬಿಡುವ ಒಂದು ಸಣ್ಣ ವಾಲ್ವ್ ಇರುತ್ತದೆ. ಗಾಡಿ ಗ್ಯಾರೇಜಿಗೆ ಬಂದ ಮೊದಲ ದಿನವೇ ಅದನ್ನು ಕಿತ್ತು ಮೂಲೆಗೆಸೆಯುವುದು ನಮ್ಮ ಊರಿನ ಸಂಪ್ರದಾಯ. ಕೇಳಿದರೆ, "ಅದು ಫಾರಿನ್ ಚಳಿಗೆ ಮಾಡಿದ್ದು, ನಮ್ಮೂರಿಗ್ಯಾಕೆ?" ಡಿಸೆಂಬರಿನ ಬೆಳಿಗ್ಗೆ ಅದೇ ಗಾಡಿ ಕೆಮ್ಮುತ್ತಾ ಹೊಗೆ ಉಗುಳಿದರೆ "ಡೀಸೆಲ್ ಸರಿ ಇಲ್ಲ" ಎನ್ನುವುದು. ಇಂಜಿನ್ ತಣಿಸಲೆಂದೇ ಮಾಡಿದ ಕೂಲಂಟ್ ಹಾಕಿ ಎಂದರೆ "ತುಂಗೆ ನೀರು ಇರುವಾಗ ಬಣ್ಣದ ನೀರು ಯಾಕೆ" ಎನ್ನುವುದು. ಹಾಕುತ್ತಿದ್ದದ್ದು ತುಂಗೆಯ ನೀರೂ ಅಲ್ಲ, ಗ್ಯಾರೇಜಿನ ಹಿಂದಿನ ಬೋರಿನ ಗಡಸು ನೀರು. ಪಂಪು ಬಿಚ್ಚಿದರೆ ಒಳಗೆ ಬಚ್ಚಲ ಹಂಡೆಯಲ್ಲಿ ಕಟ್ಟುವಂಥ ಸುಣ್ಣದ ಪದರ. ಅದು ಸೀಲನ್ನು ಉಜ್ಜಿ ಉಜ್ಜಿ ತಿನ್ನುತ್ತಿತ್ತು. ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಎಲ್ಲ ಬದಲಾಯಿತು ಅನ್ನಿ. ಹೊಸ ಕಾರುಗಳಲ್ಲಿ ಪಂಪು ಬಿಚ್ಚುವ ಮಾತೇ ಇಲ್ಲ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದು. ಫ್ಯಾನಿಗೆ ಬೇರೆ ಮೋಟರು ಬಂತು. ಕೂಲಂಟು ಕಡ್ಡಾಯವಾಯಿತು. ತೊಟ್ಟಿ ಪರೀಕ್ಷೆ ನಿಂತುಹೋಯಿತು, ತೊಟ್ಟಿಯಲ್ಲಿ ಕೈ ತೊಳೆಯತೊಡಗಿದರು. ಇದರ ಬಗ್ಗೆ ನನಗೆ ದುಃಖವೇನೂ ಇಲ್ಲ. ಹೊಸ ಪದ್ಧತಿ ಒಳ್ಳೆಯದೇ. ಆದರೆ ಹೊಸ ಪಂಪಿನಲ್ಲೂ ಆ ತೂತು ಇದೆ. ಅದನ್ನು ಮುಚ್ಚುವ ಕೈಗಳೂ ಇವೆ.

ಮುಚ್ಚುವುದು ಎಂದೆನಲ್ಲ, ಆ ಕಥೆಯನ್ನೇ ಹೇಳಬೇಕೆಂದು ಕೂತದ್ದು. ಅದು ತೊಂಬತ್ತರ ದಶಕದ ನಡುವೆ ಆದದ್ದು.

ಭದ್ರಾವತಿಯ ಶಂಕರಪ್ಪ ಎಂಬ ಸಿಮೆಂಟ್ ವ್ಯಾಪಾರಿಗೆ ಎರಡು ಬಾಡಿಗೆ ಕಾರುಗಳಿದ್ದವು. ಒಂದನ್ನು ಓಡಿಸುತ್ತಿದ್ದವನು ಹನುಮಂತಪ್ಪ. ಮಾತು ಕಡಿಮೆ, ಗಾಡಿಯ ಮೇಲೆ ಜೀವ. ಬೆಳಿಗ್ಗೆ ನೀರು, ಆಯಿಲ್ಲು ನೋಡದೆ ಚಾವಿ ತಿರುಗಿಸಿದವನಲ್ಲ. ಆ ಗಾಡಿಯ ಟೆಂಪರೇಚರ್ ಮುಳ್ಳು ಸತ್ತು ಎಷ್ಟೋ ಕಾಲವಾಗಿತ್ತು. ರಿಪೇರಿ ಮಾಡಿಸಿ ಎಂದು ಹನುಮಂತಪ್ಪ ಹೇಳಿದಾಗಲೆಲ್ಲ ಶಂಕರಪ್ಪ "ಮುಳ್ಳು ನೋಡಿ ಗಾಡಿ ಓಡ್ಸ್ತಾರೇನೋ" ಎಂದು ನಗುತ್ತಿದ್ದ. ಹನುಮಂತಪ್ಪನಿಗೆ ಮೂವರು ಮಕ್ಕಳು, ಬಾಡಿಗೆ ಮನೆ, ಸ್ಟೀರಿಂಗು ಬಿಟ್ಟರೆ ಬೇರೆ ದಾರಿ ಗೊತ್ತಿರಲಿಲ್ಲ.

ಆ ಗಾಡಿ ನಮ್ಮಲ್ಲಿಗೆ ಪಂಪು ಸೋರುತ್ತದೆಂದು ಬಂತು. ಸ್ಟೋರಿನಲ್ಲಿ ಉಳಿದಿದ್ದದ್ದು ಒಂದೇ ಪಂಪು. ಎಷ್ಟೋ ದಿನ ಕೂತಿದ್ದ ಪಂಪು ಎಂದು ವರ್ಕ್‌ಶಾಪಿನ ತೊಟ್ಟಿಯಲ್ಲಿ ಮತ್ತೊಮ್ಮೆ ಮುಳುಗಿಸಿದೆ. ತೂತಿನಿಂದ ಗುಳುಗುಳು ಗುಳ್ಳೆ. ರಿಜೆಕ್ಟ್. ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಒರೆಸಿಬಿಡುತ್ತಾರೆಂದು ನಾನು ಉಳಿಯಿಂದ ಮೈಮೇಲೆ ಅಡ್ಡಗೆರೆ ಕೊರೆಯುತ್ತಿದ್ದೆ. ಹಾಗೇ ಕೊರೆದೆ. ಸುಧೀಂದ್ರ ದೂರದಿಂದಲೇ ಕೇಳಿದ.

"ಏನ್ರೀ ತೊಂದರೆ?"

"ಸೀಲ್ ಸೋರ್ತಿದೆ ಸಾರ್. ನಾಳೆ ಭದ್ರಾವತಿಗೆ ಹೋಗಿ ಬೇರೆ ತರ್ತೀನಿ."

"ಎಲ್ಲಿಂದ ಸೋರ್ತಿದೆ?"

"ತೂತಿಂದ."

"ತೂತಿದ್ರೆ ತಾನೆ ಸೋರೋದು? ಮುಚ್ಚಿ ಹಾಕಿ. ಇವತ್ತೇ ಗಾಡಿ ಕೊಡ್ತೀನಿ ಅಂದಿದೀನಿ."

ಪಿತ್ತ ನೆತ್ತಿಗೇರಿತು. "ಸಾರ್, ತೂತು ಮುಚ್ಚಿದ್ರೆ ನೀರು ನಿಲ್ಲಲ್ಲ, ಬೇರಿಂಗಿಗೆ ಹೋಗುತ್ತೆ. ಬೇರಿಂಗ್ ಒಡೆದ್ರೆ ಫ್ಯಾನ್ ಬಂದು ರೇಡಿಯೇಟರಿಗೆ ಹೊಡೆಯುತ್ತೆ. ಗಾಡಿಲಿ ಮನುಷ್ಯರು ಕೂತಿರ್ತಾರೆ" ಎಂದು ಇಡೀ ವರ್ಕ್‌ಶಾಪಿಗೆ ಕೇಳುವ ಹಾಗೆ ಕೂಗಿದೆ. ಅವನು ಆಫೀಸಿನೊಳಗೆ ಹೋದ. ಸ್ವಲ್ಪ ಹೊತ್ತಿಗೆ ಬಂದು, ನಾಳೆ ಯಾಕೆ, ಈಗಲೇ ಭದ್ರಾವತಿಗೆ ಹೋಗಿ ಪಂಪು ತನ್ನಿ ಎಂದ. ಮಾತು ಕೇಳಿದನಲ್ಲ ಎಂದು ಸಮಾಧಾನವಾಗಿ ಬಸ್ಸು ಹತ್ತಿದೆ. ಸಂಜೆ ಪಂಪು ಹಿಡಿದು ಬಂದು ನೋಡಿದರೆ ಗಾಡಿ ಇಲ್ಲ! "ಬೇರೆ ಕಡೆಯಿಂದ ಒಂದು ಪಂಪ್ ಸಿಕ್ತು, ಹಾಕಿ ಕಳ್ಸ್ದೆ" ಎಂದ. ರಿಜೆಕ್ಟ್ ಮೂಲೆಯಲ್ಲಿ ನನ್ನ ಅಡ್ಡಗೆರೆಯ ಪಂಪು ಇಲ್ಲದ್ದನ್ನು ಕೇಳಿದರೆ, ಗುಜರಿಗೆ ಹೋಯಿತು ಎಂದ.

ಕೆಲವು ವಾರ ಕಳೆದವು. ಹನುಮಂತಪ್ಪ ಶಿವಮೊಗ್ಗದಿಂದ ಭದ್ರಾವತಿಗೆ ಜನರನ್ನು ಕೂರಿಸಿಕೊಂಡು ಹೋಗುವಾಗ ದಾರಿಯಲ್ಲಿ ಬಾನೆಟ್ಟಿನೊಳಗೆ ಢಬ್ ಎಂದು ಸದ್ದಾಯಿತು. ಬೇರಿಂಗು ಒಡೆದು, ಫ್ಯಾನು ರೇಡಿಯೇಟರನ್ನು ಸೀಳಿ ಹಾಕಿತ್ತು. ಏನಾಯಿತೆಂದು ನೋಡಲು ಬಾನೆಟ್ಟು ಎತ್ತಿದ ಅವನ ಬಲಗೈಗೆ ಕುದಿಯುವ ನೀರು ಎರಚಿತು. ಮೊಣಕೈವರೆಗೆ ಚರ್ಮ ಎದ್ದುಹೋಯಿತು. ಒಳಗೆ ಕೂತವರಿಗೆ ಏನೂ ಆಗಲಿಲ್ಲ, ಅದೊಂದು ಪುಣ್ಯ.

ಗಾಡಿಯನ್ನು ನಮ್ಮಲ್ಲಿಗೇ ಎಳೆದು ತಂದರು. ನಾನು ಅವತ್ತು ಜ್ವರದಿಂದ ಮಲಗಿದ್ದೆ. ಸುಧೀಂದ್ರ ಪಂಪು ಬಿಚ್ಚಿಸಿ ಬದಿಗೆ ಹಾಕಿಸಿ, ಶಂಕರಪ್ಪನಿಗೆ ತೀರ್ಪು ಕೊಟ್ಟ: ಡ್ರೈವರು ನೀರು ನೋಡಿಲ್ಲ, ನೀರಿಲ್ಲದೆ ಓಡಿಸಿದ್ದರಿಂದ ಪಂಪು ಕಾದು ಒಡೆದಿದೆ. ಎಂಥ ಸಲೀಸು! ತೂತು ಮುಚ್ಚಿದವನು ತಾನು, ಗೂಬೆ ಕೂರಿಸಿದ್ದು ಕೈ ಸುಟ್ಟುಕೊಂಡವನ ತಲೆಯ ಮೇಲೆ. ಶಂಕರಪ್ಪ ಭದ್ರಾವತಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರ ಎದುರು ಹನುಮಂತಪ್ಪನಿಗೆ ಬಾಯಿಗೆ ಬಂದ ಹಾಗೆ ಬೈದು ಕೆಲಸದಿಂದ ತೆಗೆದ. ಊರು ಸಣ್ಣದು. "ನೀರು ನೋಡದ ಡ್ರೈವರ್" ಎಂದು ಹೆಸರು ಬಿದ್ದ ಮೇಲೆ ಬೇರೆ ಯಾವ ಓನರೂ ಅವನ ಕೈಗೆ ಚಾವಿ ಕೊಡಲಿಲ್ಲ.

ಜ್ವರ ಬಿಟ್ಟು ಕೆಲಸಕ್ಕೆ ಹೋದ ದಿನ ಅವನೇ ವರ್ಕ್‌ಶಾಪಿನ ಗೇಟಿನ ಹೊರಗೆ ಕಾಯುತ್ತಿದ್ದ. ಬಲಗೈಗೆ ಬ್ಯಾಂಡೇಜು.

"ಮೂರ್ತಣ್ಣ, ನಾನು ನೀರು ನೋಡಿದ್ದೆ. ಬೆಳಿಗ್ಗೆನೂ ನೋಡಿದ್ದೆ, ಶಿವಮೊಗ್ಗ ಬಿಡುವಾಗ್ಲೂ ನೋಡಿದ್ದೆ. ಗಾಡಿ ಕೆಳಗೆ ಒಂದು ಹನಿ ಬಿದ್ದಿರ್ಲಿಲ್ಲ ಅಣ್ಣ."

ಒಂದು ಹನಿಯೂ ಬಿದ್ದಿರಲಿಲ್ಲ! ಆ ಮಾತು ಕೇಳಿದ ಕೂಡಲೇ ಏನು ನಡೆದಿದೆ ಎಂದು ತಿಳಿಯಿತು. ಬೀಳಬೇಕಾದ ಹನಿ ಬೀಳದ ಹಾಗೆ ಮಾಡಿದ್ದರು. ಸೀದಾ ಸುಧೀಂದ್ರನ ಮುಂದೆ ನಿಂತು ಒಡೆದ ಪಂಪು ಎಲ್ಲಿ ಎಂದು ಕೇಳಿದೆ.

"ಗುಜರಿ ಜೊತೆ ಹೋಯ್ತು. ಈಗ ಅದನ್ನು ಕೆದಕಿ ಏನ್ರೀ ಮಾಡ್ತೀರಿ? ಸುಮ್ನೆ ನಿಮ್ಮ ಕೆಲ್ಸ ನೋಡ್ಕೊಳ್ಳಿ."

"ಇದೇ ನನ್ನ ಕೆಲ್ಸ" ಎಂದು ಹೊರಗೆ ಬಂದೆ. ನಮ್ಮ ಎರಕದ ಗುಜರಿಯೆಲ್ಲ ಹೋಗುತ್ತಿದ್ದದ್ದು ಸೆಲ್ವರಾಜ್‌ನ ಕುಲುಮೆಗೆ, ಅದು ಸುಧೀಂದ್ರನಿಗೆ ತಿಳಿದಿರಲಿಲ್ಲ. ಹನುಮಂತಪ್ಪನನ್ನು ಕರೆದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಹೆದರಿಕೆ, ಅಷ್ಟರಲ್ಲಿ ಸೆಲ್ವರಾಜ್ ಅದನ್ನು ಕರಗಿಸಿಬಿಟ್ಟಿದ್ದರೆ ಈ ಮನುಷ್ಯನ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ಶೆಡ್ಡಿನ ಮುಂದೆ ಗುಜರಿ ರಾಶಿ ಹಾಗೇ ಇತ್ತು. "ಇದ್ದಿಲು ಬಂದಿಲ್ಲ ಸಾರ್, ಕುಲುಮೆ ಹಚ್ಚಿಲ್ಲ" ಎಂದ ಸೆಲ್ವರಾಜ್. ವಿಷಯ ಹೇಳಿದೆ. ಮೂವರೂ ಕೂತು ರಾಶಿ ಕೆದಕಿದೆವು. ಸಿಕ್ಕಿತು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದಿದ್ದರು. ಉಗುರಿನಿಂದ ಕೆರೆದೆ. ಬಣ್ಣದ ಕೆಳಗೆ ನಾನು ಕೊರೆದ ಅಡ್ಡಗೆರೆ. ತಿರುಗಿಸಿದೆ. ತೂತಿನ ಬಾಯಿಗೆ ಎರಡು ಉಂಡೆ ಸೇರಿಸಿ ಕಲಸುವ ಆ ಗಟ್ಟಿ ಅಂಟನ್ನು ಮೆತ್ತಿ ನುಣ್ಣಗೆ ಸವರಿದ್ದರು.

"ಅಡ ಪಾವಿ" ಎಂದು ತಮಿಳಿನಲ್ಲೇ ಬೈದ ಸೆಲ್ವರಾಜ್. "ಇದನ್ ಇಲ್ಲಿ ಬಿಚ್ಬೇಡಿ ಸಾರ್. ಇವ್ರನ್ನ ಬೈದ ಜಾಗದಲ್ಲೇ ಬಿಚ್ಚಾಣ. ಬನ್ನಿ." ಶಾಫ್ಟು ಎಳೆಯುವ ಪುಲ್ಲರು, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಅವನೂ ಹೊರಟ.

ಟ್ಯಾಕ್ಸಿ ಸ್ಟ್ಯಾಂಡಿನ ಎದುರೇ ಶಂಕರಪ್ಪನ ಸಿಮೆಂಟ್ ಅಂಗಡಿ. ಮಧ್ಯಾಹ್ನದ ಹೊತ್ತು, ಡ್ರೈವರುಗಳೆಲ್ಲ ನೆರಳಿನಲ್ಲಿ ನಿಂತಿದ್ದರು. ಅಂಗಡಿಯ ಮುಂದಿನ ಕಲ್ಲಿನ ಮೇಲೆ ಪಂಪು ಇಟ್ಟು ಶಂಕರಪ್ಪನನ್ನು ಹೊರಗೆ ಕರೆದೆ. ಡ್ರೈವರುಗಳು ಸುತ್ತ ಸೇರಿದರು. ಸೆಲ್ವರಾಜ್ ಪುಲ್ಲರು ಕಚ್ಚಿಸಿ ತಿರುಗಿಸಿದ. ಒಡೆದ ಬೇರಿಂಗು ಹೊರಗೆ ಬಂದ ಹಾಗೆ ಅದರ ಜೊತೆ ರಾಗಿ ಅಂಬಲಿಯಂಥ ಕಂದು ನೀರು ಕಲ್ಲಿನ ಮೇಲೆ ಇಳಿಯಿತು.

"ನೋಡಿ ಸಾಹುಕಾರ್ರೇ" ಎಂದೆ. "ನೀರಿಲ್ದೆ ಓಡ್ಸಿದ್ರೆ ಈ ಸೀಲು ಸುಟ್ಟು ಕರಿಕಟ್ಟಿರ್ಬೇಕಿತ್ತು. ಕರಿ ಎಲ್ಲಿದೆ, ತೋರ್ಸಿ. ಬೇರಿಂಗಿನ ಗ್ರೀಸು ನೀರು ಕುಡಿದು ಕೆಸರಾಗಿದೆ. ನೀರಿತ್ತು, ಅದಕ್ಕೇ ಇಲ್ಲಿಗೆ ಬಂದಿದೆ. ಹೊರಗೆ ಹೋಗೋ ದಾರೀನ ನಮ್ಮ ವರ್ಕ್‌ಶಾಪ್‌ನೋರೇ ಮುಚ್ಚಿದಾರೆ. ಇದು ಬೇಡ ಅಂತ ನಾನು ಕೊರೆದ ಗೆರೆ ಇಲ್ಲಿದೆ."

ಸುಧೀಂದ್ರನಿಗೆ ಆಮೇಲೂ ಏನೂ ಆಗಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾಮೈದನಲ್ಲವೇ! ಮಾಲೀಕರು ಶಂಕರಪ್ಪನ ಇಂಜಿನ್ನನ್ನು ಪುಕ್ಕಟೆ ರಿಪೇರಿ ಮಾಡಿಕೊಟ್ಟು ತಿಪ್ಪೆ ಸಾರಿಸಿದರು. ನನ್ನನ್ನು ಒಂದಷ್ಟು ಕಾಲ ಪರೀಕ್ಷೆಯ ಕೆಲಸದಿಂದ ತೆಗೆದು ಗಾಡಿ ತೊಳೆಯುವ ಕಡೆ ನಿಲ್ಲಿಸಿದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಅವತ್ತು ಆ ಕಲ್ಲಿನ ಹತ್ತಿರ ನನಗೆ ಬೇಕಾಗಿದ್ದದ್ದು ಹನುಮಂತಪ್ಪನ ಕೆಲಸ ಮಾತ್ರ.

ಶಂಕರಪ್ಪ ಬಗ್ಗಿ ನೋಡಿದ, ಅಂಟನ್ನು ಉಗುರಿನಿಂದ ಮುಟ್ಟಿದ. ಸುತ್ತ ನಿಂತ ಡ್ರೈವರುಗಳ ಕಡೆ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಂಡ.

"ಸರಿ ಬಿಡು ಹನುಮಂತ. ಕೈ ವಾಸಿ ಆದ್ಮೇಲೆ ಬಾ. ಗಾಡಿ ನಿಂದೇ."

ಗೆದ್ದೆವು ಎಂದುಕೊಂಡೆ. ಹನುಮಂತಪ್ಪ ನಿಂತ ಜಾಗದಿಂದ ಅಲ್ಲಾಡಲಿಲ್ಲ.

"ಅವತ್ತು ಇಲ್ಲೇ ನಿಂತು ನನಗೆ ಏನಂದ್ರಿ, ಅದನ್ನ ಇವ್ರೆಲ್ಲ ಕೇಳಿದಾರೆ. ಈಗ ನನ್ ತಪ್ಪಿಲ್ಲ ಅಂತಾನೂ ಅನ್ನಿ. ಇವ್ರು ಕೇಳ್ಲಿ."

"ಅದೆಲ್ಲಾ ಯಾಕೋ ಮಾರಾಯ, ಆಗಿದ್ದು ಆಯ್ತು. ಕೆಲ್ಸ ಕೊಟ್ಟೆನಲ್ಲ?"

ಹನುಮಂತಪ್ಪ ಎಡಗೈಯಲ್ಲಿ ಆ ಬಿಚ್ಚಿದ ಪಂಪನ್ನು ಎತ್ತಿಕೊಂಡ. ಕಂದು ನೀರು ಅವನ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಮೂರು ಮೆಟ್ಟಿಲು ಹತ್ತಿ ಹೋಗಿ ಅದನ್ನು ಶಂಕರಪ್ಪನ ಮೇಜಿನ ಮೇಲೆ, ಬಿಳಿ ಹಾಸಿನ ಮೇಲೆಯೇ ಇಟ್ಟ.

"ಇಷ್ಟು ವರ್ಷ ನಿಮ್ ಗಾಡಿ ಓಡ್ಸಿದೀನಿ. ನೀರು ನೋಡಿದ್ದೆ ಅಂತ ಸುಟ್ಟ ಕೈ ಮುಂದೆ ಹಿಡ್ಕೊಂಡು ಹೇಳ್ದೆ, ನಂಬ್ಲಿಲ್ಲ. ಈ ಕಬ್ಬಿಣ ಹೇಳಿದ್ ಕೂಡ್ಲೇ ನಂಬಿದ್ರಿ. ಹಂಗಾದ್ರೆ ಸ್ಟೀರಿಂಗ್ ಮುಂದೇನೂ ಇದನ್ನೇ ಕೂರಿಸ್ಕೊಳ್ಳಿ."

ಇಳಿದು ಬಂದು ರಸ್ತೆ ದಾಟಿದ. ಡ್ರೈವರುಗಳು ಅವನಿಗೆ ದಾರಿ ಬಿಟ್ಟರು. ಶಂಕರಪ್ಪನ ಇನ್ನೊಂದು ಕಾರಿನ ಡ್ರೈವರೂ ಅಲ್ಲೇ ಇದ್ದ. ಅವನೂ ಮೆಟ್ಟಿಲು ಹತ್ತಿ, ಜೇಬಿನಿಂದ ಚಾವಿ ತೆಗೆದು ಪಂಪಿನ ಪಕ್ಕದಲ್ಲಿಟ್ಟು ಹನುಮಂತಪ್ಪನ ಹಿಂದೆಯೇ ಹೋದ.

ಶಂಕರಪ್ಪ ನನ್ನ ಕಡೆ ತಿರುಗಿದ. "ಮೂರ್ತಿಯವ್ರೇ, ನೀವಾದ್ರೂ ಹೇಳಿ ಅವ್ರಿಗೆ."

"ಹೇಳೋದೆಲ್ಲ ಅವನೇ ಹೇಳಿದಾನೆ ಸಾಹುಕಾರ್ರೇ" ಎಂದು ಸುತ್ತಿಗೆ, ಪುಲ್ಲರು ಎತ್ತಿ ಚೀಲಕ್ಕೆ ಹಾಕಿಕೊಂಡೆ.